ಜೆಟ್ಟಿಯ ಮೇಲೆ ಕೂಗಿದ ಮಾತು

ಮಯೂರಿ ಕೂಗಿದ್ದು ಒಂದೇ ಮಾತು. ಹಡಗಿನ ಏಣಿಯ ಮೇಲೆ ನಿಂತು, ಎದೆ ಬಿರಿಯುವಂತೆ, ಎರಡು ಸಲ. ಅದನ್ನು ಯಾವ ಭಾಷೆಯಲ್ಲಿ ಕೂಗಿದಳು ಎಂಬುದೇ ಆಮೇಲೆ ದೊಡ್ಡ ಪ್ರಶ್ನೆಯಾಯಿತು.

ಅವಳು ಮೈಸೂರಿನವಳು. ಬಿ.ಕಾಂ. ಮುಗಿಸಿ ಗುರುದತ್‌ನನ್ನು ಮದುವೆಯಾಗಿ, ಅವನ ಸಾಫ್ಟ್‌ವೇರ್ ಕೆಲಸದ ಜೊತೆಗೆ ಮಲೇಷ್ಯಾಕ್ಕೆ ಬಂದಳು. ಅವನಿಗೆ ಕೆಲಸ ಕೌಲಾಲಂಪುರದಲ್ಲಿ. ಬಾಡಿಗೆ ಕಡಿಮೆ ಎಂದು ಮನೆ ಮಾಡಿದ್ದು ಕ್ಲಾಂಗ್‌ನಲ್ಲಿ. ಮಗಳು ಇಂಚರ ಶಾಲೆಗೆ ಸೇರಿದ ಮೇಲೆ ಮನೆ ಬಿಕೋ ಎನ್ನತೊಡಗಿತು. ಬಂದರಿನಲ್ಲಿದ್ದ ಒಂದು ಸಣ್ಣ ಹಡಗು ಏಜೆಂಟರ ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿಕೊಂಡಳು. ಬಂದ ಹಡಗನ್ನು ಹತ್ತಿ ಕ್ಯಾಪ್ಟನ್ ಹತ್ತಿರ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಬರುತ್ತಿದ್ದ ಮನುಷ್ಯ ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಹಡಗು ಬಂದು ನಿಂತಿತ್ತು. ಯಾರು ಹೋಗುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಮಯೂರಿ, "ನಾನು ಹೋಗ್ತೀನಿ" ಅಂದಳು. ಅಂದಿನಿಂದ ಅದೇ ಅವಳ ಕೆಲಸವಾಯಿತು.

ಹಡಗಿನ ಏಣಿ ಮನೆಯ ಮೆಟ್ಟಿಲಿನಂತಲ್ಲ. ಹಡಗು ಉಸಿರಾಡಿದರೆ ಅದೂ ಅಲುಗುತ್ತದೆ. ಕೆಳಗೆ ಕಂದು ಬಣ್ಣದ ನೀರು. ಮೊದಲ ದಿನ ಅರ್ಧ ಹತ್ತಿದವಳು ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ಕಂಬಿ ಹಿಡಿದು ನಿಂತುಬಿಟ್ಟಿದ್ದಳು. ಕೆಳಗಿದ್ದ ಒಬ್ಬ ಮಲಯ ಮುದುಕ, "ನೀರು ನೋಡಬೇಡಮ್ಮ, ಮುಂದಿನ ಮೆಟ್ಟಿಲು ನೋಡು, ಅದೊಂದೇ ನೋಡು" ಎಂದು ಹೇಳುತ್ತಾ ಹೇಳುತ್ತಾ ಅವಳನ್ನು ಹತ್ತಿಸಿದ. ಅವನು ಸಾಬ್ರಿ. ಹಡಗಿನಿಂದ ಎಸೆದ ಹಗ್ಗಗಳನ್ನು ಹಿಡಿದು, ಹಡಗು ನಿಲ್ಲುವ ಕಟ್ಟೆಯಾದ ಜೆಟ್ಟಿಯ ಕಬ್ಬಿಣದ ಗೂಟಗಳಿಗೆ ಬಿಗಿಯುವ ತಂಡದ ಮುಖ್ಯಸ್ಥ. ಮುದುಕ ಎನ್ನುವಷ್ಟು ವಯಸ್ಸೇನೂ ಆಗಿರಲಿಲ್ಲ, ಬಿಸಿಲು ಹಾಗೆ ಮಾಡಿತ್ತು. ಮಯೂರಿ ಅವನನ್ನು ಪಾಕ್ ಸಾಬ್ರಿ ಎಂದೇ ಕರೆಯುತ್ತಿದ್ದಳು. ಪಾಕ್ ಅಂದರೆ ಅಲ್ಲಿ ಹಿರಿಯರಿಗೆ ಅನ್ನುವ ಮಾತು. ಅವಳು ಮಲಯ ಭಾಷೆ ಕಲಿತದ್ದು ಬಹುಪಾಲು ಅವನಿಂದಲೇ. ಅವಳ ಡಬ್ಬಿಯ ಚಿತ್ರಾನ್ನ ಅವನಿಗೆ ಇಷ್ಟ. ಅವನ ಹೆಂಡತಿ ರೊಹಾನಾ ಮಾಡಿ ಕಳಿಸುತ್ತಿದ್ದ ತೆಂಗಿನಕಾಯಿ ಸಿಹಿ ಇಂಚರಳಿಗೆ ಇಷ್ಟ.

ಆ ದಿನ ಜೆಟ್ಟಿಯಲ್ಲಿ ಗೊಬ್ಬರದ ಹಡಗು. ಹಡಗಿನವರೆಲ್ಲ ಫಿಲಿಪ್ಪೀನ್ಸ್‌ನವರು. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಯೂರಿ ಸಹಿ ಮುಗಿಸಿ, ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಏಣಿ ಇಳಿಯುತ್ತಿದ್ದಳು. ಆಚೆ ಹಡಗುಗಳು ಓಡಾಡುವ ಜಲಮಾರ್ಗದಲ್ಲಿ ಭಾರಿ ಕಂಟೇನರ್ ಹಡಗೊಂದು ಹೋಗಬೇಕಾದುದಕ್ಕಿಂತ ಜೋರಾಗಿ ಹಾದುಹೋಯಿತು. ಅದರ ಹಿಂದೆ ನೀರು ಎಳೆದುಕೊಂಡಿತು. ಜೆಟ್ಟಿಗೆ ಕಟ್ಟಿದ್ದ ಗೊಬ್ಬರದ ಹಡಗು ಯಾರೋ ಬೆನ್ನಿಗೆ ಕೈಹಾಕಿ ನೂಕಿದಂತೆ ಮುಂದಕ್ಕೆ ಜರುಗಿತು. ಹಗ್ಗಗಳು ನರಳಿದವು.

ತೋಳಿನಷ್ಟು ದಪ್ಪದ ಹಗ್ಗಗಳು ಅವು. ಹಿಂಭಾಗದ ಒಂದು ಹಗ್ಗ ಹಡಗಿನ ಅಂಚಿಗೆ ಉಜ್ಜಿಕೊಂಡು ಹೊಗೆಯಾಡುವುದು ಮೇಲಿದ್ದ ಮಯೂರಿಗೆ ಕಂಡಿತು. ಎಳೆಗಳು ಪಟ್ ಪಟ್ ಎಂದು ಬಿಚ್ಚಿಕೊಳ್ಳುತ್ತಿದ್ದವು. ಆ ಹಗ್ಗವನ್ನು ಕಟ್ಟಿದ್ದ ಗೂಟದ ಕಡೆಗೆ ಸಾಬ್ರಿ ನಡೆದುಹೋಗುತ್ತಿದ್ದ. ಅವನ ಬೆನ್ನು ಹಡಗಿನ ಕಡೆಗಿತ್ತು. ಸ್ವಲ್ಪ ಹಿಂದೆ ಅವನ ತಂಡದ ಅಜ್ಮಿ ಬರುತ್ತಿದ್ದ.

ಮಯೂರಿ ಕೂಗಿದಳು. "ತಾಳಿ! ತಾಳಿ!"

ಸಾಬ್ರಿ ಸರಕ್ಕನೆ ತಿರುಗಿದ. ಹಗ್ಗದ ಕಡೆಗೇ ತಿರುಗಿದ. ಗುಂಡು ಹಾರಿದಂಥ ಸದ್ದಾಯಿತು. ಹರಿದ ತುದಿ ಗಾಳಿಯನ್ನು ಸೀಳಿಕೊಂಡು ಬಂದುದನ್ನು ಅವಳು ಕಂಡಳೋ ಇಲ್ಲವೋ, ಮುಂದಿನ ಕ್ಷಣ ಸಾಬ್ರಿ ನೆಲದ ಮೇಲಿದ್ದ. ಬಲಗಾಲು ಕಾಲು ಇರಬೇಕಾದ ರೀತಿಯಲ್ಲಿ ಇರಲಿಲ್ಲ.

ಆಂಬುಲೆನ್ಸ್ ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಮಯೂರಿಯೇ. ಅವನಿಗೆ ಪ್ರಜ್ಞೆ ಇರಲಿಲ್ಲ. ಅಜ್ಮಿ ದೂರ ನಿಂತಿದ್ದ. ಅವನು ಅವಳನ್ನು ನೋಡುತ್ತಿದ್ದ ರೀತಿ ಅವಳಿಗೆ ಅರ್ಥವಾದದ್ದು ಸಂಜೆ, ಆಸ್ಪತ್ರೆಯ ಕಾರಿಡಾರಿನಲ್ಲಿ. ರೊಹಾನಾ ಬೆಂಚಿನಿಂದ ಎದ್ದು ನಿಂತಳು. ಕೂಗಾಡಲಿಲ್ಲ.

"ನೀನು 'ತಾಲಿ' ಅಂತ ಕೂಗಿದೆಯಂತೆ. ಹಗ್ಗ, ಹಗ್ಗ ಅಂತ. ಹಗ್ಗ ನೋಡಿಕೊಳ್ಳೋಕೆ ಅವರು ತಿರುಗಿದರಂತೆ. ಅಜ್ಮಿ ಹೇಳಿದ. ಹೌದಾ?"

ಮಲಯ ಭಾಷೆಯಲ್ಲಿ 'ತಾಲಿ' ಎಂದರೆ ಹಗ್ಗ. ಜೆಟ್ಟಿಯಲ್ಲಿ ದಿನವಿಡೀ ಕೇಳಿಬರುವ ಮಾತು. ತಾಲಿ ಎಸೆ, ತಾಲಿ ಬಿಗಿ, ತಾಲಿ ಬಿಡು. ಮಯೂರಿ ಬಾಯಿ ತೆರೆದಳು. "ಅಲ್ಲ ಅಕ್ಕಾ... ನಿಲ್ಲಿ ಅಂತ ಹೇಳಿದ್ದು..." ಅಂದಳು.

"ನಿಲ್ಲು ಅನ್ನೋಕೆ ನಮ್ಮಲ್ಲಿ ಬೇರೆ ಮಾತಿದೆ. ನಿನಗೂ ಗೊತ್ತಿದೆ" ಅಂದಳು ರೊಹಾನಾ. "ಮನೆಗೆ ಹೋಗು."

ಮಾರನೆಯ ದಿನ ಕಚೇರಿಯವರು ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದರು. ಜೆಟ್ಟಿಯ ಒಂದು ಹವಾನಿಯಂತ್ರಿತ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಸರ್ಕಾರದ ಕಡೆಯಿಂದ ಒಬ್ಬ ಹೆಂಗಸು, ಜೆಟ್ಟಿಯ ಸುರಕ್ಷತಾ ಅಧಿಕಾರಿ ದೇವದಾಸ, ಒಬ್ಬ ಬರೆದುಕೊಳ್ಳುವವನು. ದೇವದಾಸ ಕ್ಲಾಂಗ್‌ನಲ್ಲೇ ಹುಟ್ಟಿ ಬೆಳೆದ ತಮಿಳ. ಅಜ್ಮಿ ತಾನು ಕೇಳಿದ್ದನ್ನು ಹೇಳಿಯಾಗಿತ್ತು. ಹಡಗಿನ ಅಧಿಕಾರಿಯೂ ಅದನ್ನೇ ಹೇಳಿದ್ದ: ಫಿಲಿಪ್ಪೀನ್ಸ್‌ನ ಭಾಷೆಯಲ್ಲೂ ಹಗ್ಗಕ್ಕೆ ಅದೇ ಮಾತು, ಆ ಹೆಂಗಸು ಹಗ್ಗ ಹಗ್ಗ ಎಂದೇ ಕೂಗಿದ್ದು.

ದೇವದಾಸ ಕೇಳಿದ, "ತಾಲಿ ಅಂತ ಕೂಗಿದ್ದು ನಿಜವೇ?"

"ಕೂಗಿದೆ."

"ತಾಲಿ ಅಂದರೆ ಹಗ್ಗ ಅಂತ ನಿಮಗೆ ಗೊತ್ತು."

"ಗೊತ್ತು."

"ಅಂದಮೇಲೆ ಹಗ್ಗ ನೋಡಿಕೋ ಅಂತ ಹೇಳಿದಿರಿ. ಹಗ್ಗದ ವಿಷಯದಲ್ಲಿ ಆಜ್ಞೆ ಕೊಡೋ ಅಧಿಕಾರ ಏಜೆಂಟರಿಗಿಲ್ಲ ಅನ್ನೋದೂ ಗೊತ್ತಿತ್ತು."

"ನಾನು ಆಜ್ಞೆ ಕೊಡಲಿಲ್ಲ ಸರ್. ನಮ್ಮ ಭಾಷೇಲಿ ತಾಳಿ ಅಂದ್ರೆ ಸ್ವಲ್ಪ ನಿಲ್ಲಿ, ತಡೀರಿ ಅಂತ."

ದೇವದಾಸ ಪೆನ್ನು ಕೆಳಗಿಟ್ಟ. "ನಾನು ತಮಿಳ. ನಮ್ಮಲ್ಲಿ ತಾಲಿ ಅಂದರೆ ಇದು" ಎಂದು ತನ್ನ ಕುತ್ತಿಗೆಯ ಸುತ್ತ ಬೆರಳಾಡಿಸಿ ತೋರಿಸಿದ. "ಮದುವೆಯಲ್ಲಿ ಕಟ್ಟೋದು. ನಿಮ್ಮ ಕಡೆಯೂ ಹಾಗೇ ಅಂತ ನನ್ನ ತಿಳುವಳಿಕೆ."

"ಅದೂ ಹೌದು. ಇದೂ ಹೌದು" ಅಂದಳು ಮಯೂರಿ. ಹೇಳುವಾಗಲೇ ಅದು ಸುಳ್ಳಿನಂತೆ ಕೇಳಿಸುತ್ತಿದೆ ಎಂದು ಅವಳಿಗೇ ಅನ್ನಿಸಿತು. ಸರ್ಕಾರದ ಹೆಂಗಸು ದೇವದಾಸನ ಮುಖ ನೋಡಿದಳು.

ನಿಮ್ಮ ಭಾಷೆ ಬಲ್ಲ, ನಿಮಗೆ ನೆಂಟರಲ್ಲದ ಒಬ್ಬರನ್ನು ಮುಂದಿನ ಸಲ ಕರೆತನ್ನಿ ಎಂದರು.

ಮನೆಯಲ್ಲಿ ಇದನ್ನು ಕೇಳಿ ಗುರುದತ್ ಖುಷಿಯಿಂದ ಕುಣಿದಾಡಿದ. "ಸಿಂಪಲ್ ಅಲ್ವೇನೇ? ಮೆಲಾಕಾ ಮೆಡಿಕಲ್ ಕಾಲೇಜಲ್ಲಿ ಜನಾರ್ದನ ಅಂತ ಇದಾರೆ, ಉಡುಪಿಯವರು. ಕನ್ನಡ ಸಂಘದಲ್ಲಿ ಪದಗಳ ಬಗ್ಗೆ ಯಾವಾಗ್ಲೂ ಭಾಷಣ ಮಾಡ್ತಿರ್ತಾರೆ. ಅವ್ರನ್ನ ಕರ್ಕೊಂಡ್ ಹೋಗೋಣ. ತಾಳಿ ಅಂದ್ರೆ ವೇಯ್ಟ್ ಅಂತ ಹೇಳ್ತಾರೆ. ಕೇಸ್ ಕ್ಲೋಸ್."

ಮಯೂರಿ ಸೋಫಾದ ಅಂಚಿನಲ್ಲಿ ಕೂತುಬಿಟ್ಟಳು.

"ಏನಾಯ್ತು?"

"ಗುರು, ನಾನು ಕನ್ನಡದಲ್ಲೇ ಕೂಗಿದ್ನಾ?"

"ಅಂದ್ರೆ?"

"ಒಂಬತ್ತು ವರ್ಷದಿಂದ ಆ ಜೆಟ್ಟೀಲಿ ಕನ್ನಡ ಆಡಿದ್ದೀನಾ ನಾನು? ಪಾಕ್ ಸಾಬ್ರಿ ಜೊತೆ ಯಾವತ್ತಾದ್ರೂ ಕನ್ನಡ ಆಡಿದ್ದೀನಾ? ಹಗ್ಗ ಹೊಗೆಯಾಡ್ತಿತ್ತು. ನಾನು ನೋಡ್ತಿದ್ದಿದ್ದು ಹಗ್ಗಾನ. ತಾಲಿ ಅಂತಾನೇ ಕೂಗಿರಬಹುದಲ್ವಾ? ನಂಗೆ ಗೊತ್ತಾಗ್ತಿಲ್ಲ."

ಗುರುದತ್ ಅವಳ ಹತ್ತಿರ ಬಂದು ಕೂತ. "ನೋಡು, ಇದನ್ನ ಇನ್ನೊಬ್ರ ಮುಂದೆ ಹೇಳ್ಬೇಡ. ನಿನ್ನ ವರ್ಕ್ ಪರ್ಮಿಟ್ ಆ ಕಂಪನೀದು. ಕನ್ನಡದಲ್ಲಿ ಕೂಗಿದೆ. ಅಷ್ಟೇ. ಮುಗೀತು."

ಆದರೆ ಮುಗಿಯಲಿಲ್ಲ. ಒಲೆಯ ಮುಂದೆ ನಿಂತಾಗ, ಸ್ನಾನದ ಮನೆಯಲ್ಲಿ, ಎಲ್ಲೆಂದರಲ್ಲಿ ಅವಳು ಆ ಮಾತನ್ನು ಮೆಲ್ಲಗೆ ಆಡಿ ನೋಡಿಕೊಳ್ಳುತ್ತಿದ್ದಳು. ತಾಲಿ. ತಾಳಿ. ನಾಲಿಗೆ ಹಲ್ಲಿನ ಹಿಂದೆ ತಾಗಿದರೆ ಹಗ್ಗ. ಮಡಿಚಿಕೊಂಡು ಮೇಲೆ ತಾಗಿದರೆ ನಿಲ್ಲಿ. ಆವತ್ತು ನಾಲಿಗೆ ಎಲ್ಲಿ ತಾಗಿತ್ತು? ಎಷ್ಟು ನೆನೆದರೂ ಹೊಗೆ ನೆನಪಾಗುತ್ತಿತ್ತು, ಸದ್ದು ನೆನಪಾಗುತ್ತಿತ್ತು, ನಾಲಿಗೆ ನೆನಪಾಗುತ್ತಿರಲಿಲ್ಲ. ಇಂಚರ ಒಂದು ದಿನ ಬಾಗಿಲಲ್ಲಿ ನಿಂತು, "ಅಮ್ಮಾ, stop saying that lah, it's scary" ಅಂದಳು.

ಊರಿನಲ್ಲಿದ್ದ ತಾಯಿ ಚಾಮುಂಡಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡಳು. ಆಕೆ, "ನಿಮ್ಮಪ್ಪ ಕೂಗ್ತಿರ್‍ಲಿಲ್ವೇನವ್ವ ಹಂಗೆ" ಅಂದಳು.

ಮಯೂರಿಯ ತಂದೆ ಬೋರಯ್ಯ ನಂಜನಗೂಡಿನ ದಾರಿಯ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದವನು. ಗೇಟು ಹಾಕಿದ ಮೇಲೂ ಜನ ಸೈಕಲ್ ಓರೆ ಮಾಡಿಕೊಂಡು ಅಡಿಯಲ್ಲಿ ನುಸುಳುತ್ತಿದ್ದರು. ರೈಲಿನ ಸದ್ದು ಕೇಳುತ್ತಿದ್ದಂತೆ ಬೋರಯ್ಯ ಬಾವುಟ ಹಿಡಿದು, "ತಾಳಿ! ತಾಳಿ ಸ್ವಾಮಿ, ತಾಳಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಮಯೂರಿ ಆ ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಪ್ರಾಣ ಹೋಗುವಂಥ ಗಳಿಗೆಗೆ ಅವಳು ಬಲ್ಲ ಮೊದಲ ಮಾತು ಅದು.

"ಎದೆಯಿಂದ ಬಂದದ್ದು ಅದೇ ಇರ್ಬೇಕು ಕಣವ್ವ" ಅಂದಳು ತಾಯಿ.

"ಇರ್ಬೇಕು ಅಂತೀಯಲ್ಲ ಅವ್ವ. ಹೌದು ಅಂತ ಯಾರು ಹೇಳ್ತಾರೆ?"

ಅಷ್ಟರಲ್ಲಿ ಸಾಬ್ರಿಯ ಕಾಲಿಗೆ ನಂಜೇರಿ ಅವನನ್ನು ಮತ್ತೆ ಐಸಿಯುಗೆ ಸೇರಿಸಿದ ಸುದ್ದಿ ಬಂತು. ಹೇಳಿಕೆ ಕೊಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮಯೂರಿ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹೋಗಿ ಹಿಂದಿರುಗುತ್ತಿದ್ದಳು. ಅವನು ಸತ್ತರೆ, ನನ್ನ ಮಾತಿನಿಂದ ಸತ್ತ ಎಂದುಕೊಂಡೇ ಉಳಿದ ಬದುಕು ಕಳೆಯಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು.

ಎರಡನೆಯ ವಿಚಾರಣೆಗೆ ಡಾಕ್ಟರ್ ಜನಾರ್ದನರು ಮೆಲಾಕಾದಿಂದ ಕಾರು ಹೊಡೆದುಕೊಂಡು ಬಂದರು. ಹೊರಗೆ ಮಯೂರಿಯನ್ನು ಕಂಡೊಡನೆ, "ಎಂತ ಹೆದರ್ತೀರಿ ಮಾರಾಯ್ತಿ, ಹತ್ತು ನಿಮಿಷದ ಕೆಲಸ" ಎಂದು ಬೆನ್ನು ತಟ್ಟುವಂತೆ ನಕ್ಕರು. ಒಳಗೆ ಹೋದ ಮೇಲೆ ಹತ್ತು ನಿಮಿಷದಲ್ಲಿ ನಿಲ್ಲಿಸಲು ಅವರಿಂದಾಗಲಿಲ್ಲ.

"ಕನ್ನಡದಲ್ಲಿ 'ತಾಳು' ಅಂದರೆ ಸಹಿಸು, ಕಾಯು ಅಂತ. ಅದರಿಂದ ಗೌರವದ 'ತಾಳಿ'. ತಾಳ್ಮೆ ಅನ್ನುವುದೂ ಅಲ್ಲಿಂದಲೇ. ಕುತ್ತಿಗೆಯ ತಾಳಿ ಬೇರೆಯೇ ಮಾತು. ಹಿಂದೆ ತಾಳೆಗರಿಯ ಓಲೆ ಕಟ್ಟುತ್ತಿದ್ದರು, ಅದರಿಂದ ಬಂತು ಅನ್ನುವವರಿದ್ದಾರೆ. ಖಚಿತವಾಗಿ ನಾನು ಹೇಳಲಾರೆ. ನಿಮ್ಮ ಹಗ್ಗದ ತಾಲಿಗೂ ಇವೆರಡಕ್ಕೂ ಸಂಬಂಧವೇ ಇಲ್ಲ. ಅದು ದ್ವೀಪಗಳ ಮಾತು, ಇಲ್ಲಿಂದ ಫಿಲಿಪ್ಪೀನ್ಸ್‌ವರೆಗೂ ಹಡಗಿನಲ್ಲಿ ಓಡಾಡಿದೆ. ಮೂರು ಮಾತು, ಹುಟ್ಟಿದ್ದು ಮೂರು ಕಡೆ. ಕಿವಿಗೆ ಮಾತ್ರ ಒಂದೇ."

"ಒಳ್ಳೆಯದು" ಅಂದಳು ಸರ್ಕಾರದ ಹೆಂಗಸು. "ಈ ಮೂರರಲ್ಲಿ ಅವತ್ತು ಇವರು ಕೂಗಿದ್ದು ಯಾವುದು, ಅದನ್ನು ಹೇಳಬಲ್ಲಿರಾ?"

"ಅದು ನಾನು ಹೇಗೆ ಹೇಳುವುದು? ಅದನ್ನು ಅವರೇ ಹೇಳಬೇಕು."

ಎಲ್ಲರೂ ಮಯೂರಿಯ ಕಡೆ ತಿರುಗಿದರು. ಬಾಗಿಲ ಬಳಿ ಕೂತಿದ್ದ ಗುರುದತ್ ಕಣ್ಣಿನಲ್ಲೇ ಹೇಳು ಎಂದ. ಒಂದೇ ಒಂದು ವಾಕ್ಯ ಸಾಕಿತ್ತು.

"ನಿಲ್ಲಿ ಅಂತ ಹೇಳಬೇಕು ಅನ್ನೋದು ನನ್ನ ಮನಸ್ಸಿನಲ್ಲಿತ್ತು. ಅದು ಖಂಡಿತ. ಆದರೆ ಬಾಯಿಂದ ಬಂದದ್ದು ಕನ್ನಡವೋ ಮಲಯವೋ, ಆಣೆ ಮಾಡಿ ಹೇಳಲಾರೆ. ನನಗೆ ಗೊತ್ತಿಲ್ಲ."

ಗುರುದತ್ ಎದ್ದು ಹೊರಗೆ ಹೋದ. ಬರೆದುಕೊಳ್ಳುವವನು ತಲೆ ಎತ್ತಿ, ಇದನ್ನೂ ಬರೆಯಬೇಕೇ ಎನ್ನುವಂತೆ ದೇವದಾಸನನ್ನು ನೋಡಿದ. "ಬರೆ" ಅಂದ ದೇವದಾಸ.

ಮನೆಗೆ ಹೋಗುವಾಗ ಕಾರಿನಲ್ಲಿ ಗುರುದತ್ ಅಂದ, "ಸುಳ್ಳು ಹೇಳು ಅಂತ ನಾನೇನೂ ಹೇಳಿರ್ಲಿಲ್ಲ."

"ನಂಗೊತ್ತು."

"ಪರ್ಮಿಟ್ ಕ್ಯಾನ್ಸಲ್ ಮಾಡ್ತಾರೆ. ಆಮೇಲೆ ಇಲ್ಲಿ ಬೇರೆ ಯಾರೂ ನಿನಗೆ ಹಡಗಿನ ಕೆಲಸ ಕೊಡಲ್ಲ."

"ನಂಗೊತ್ತು ಗುರು."

ಕಚೇರಿಯವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಮುಂದಿನ ವಾರ ಫೋನ್ ಬಂದದ್ದು ರೊಹಾನಾಳಿಂದ. "ಅವರಿಗೆ ಎಚ್ಚರ ಬಂದಿದೆ. ಮಾತಾಡ್ತಿದ್ದಾರೆ. ನಿನ್ನನ್ನ ನೋಡಬೇಕಂತೆ. ಬಾ." ದನಿಯಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ.

ವಾರ್ಡಿನಲ್ಲಿ ಸಾಬ್ರಿ ದಿಂಬಿಗೆ ಒರಗಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಕಾಲಿಗೆ ಹೊರಗಿನಿಂದ ಕಬ್ಬಿಣದ ಸರಳುಗಳನ್ನು ಹಾಕಿದ್ದರು. ಅಜ್ಮಿಯೂ ಅಲ್ಲಿದ್ದ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಮಯೂರಿ ಹಾಸಿಗೆಯ ಬುಡದಲ್ಲೇ ನಿಂತಳು.

"ಇವರೆಲ್ಲ ಏನೇನೋ ಹೇಳ್ತಿದ್ದಾರೆ" ಅಂದ ಸಾಬ್ರಿ. ದನಿ ಕೀರಲಾಗಿತ್ತು. "ನೀನು ಏನಂತ ಕೂಗಿದೆ?"

"ನಿಲ್ಲಿ ಅಂತ, ಪಾಕ್. ಅಲ್ಲಾಡದೆ ಅಲ್ಲೇ ನಿಲ್ಲಿ ಅಂತ ನನ್ನ ಮನಸ್ಸಲ್ಲಿ. ನಮ್ಮ ಭಾಷೇಲಿ ಅದನ್ನ ತಾಳಿ ಅಂತೀವಿ. ಆದರೆ ನಿಮಗೆ..."

"ನನಗೆ ಹಗ್ಗ ಅಂತ ಕೇಳಿಸ್ತು."

ಮಯೂರಿ ತಲೆ ತಗ್ಗಿಸಿದಳು.

"ಕೇಳು. ಹಗ್ಗ ಅಂತ ಕೇಳಿಸಿದ್ದಕ್ಕೆ ತಿರುಗಿದೆ. ತಿರುಗಿದ್ದಕ್ಕೆ ಹೊಗೆ ಕಾಣಿಸ್ತು. ಕಾಣಿಸಿದ ತಕ್ಷಣ ಪಕ್ಕಕ್ಕೆ ಹಾರಿದೆ. ಪೂರ್ತಿ ಹಾರೋಕಾಗಲಿಲ್ಲ, ಒಂದು ಕಾಲು ಹಿಂದೆ ಉಳೀತು." ಅವನು ಉಸಿರು ತೆಗೆದುಕೊಂಡ. "ನಾನು ನಿಂತಿದ್ದ ಜಾಗ ಯಾವುದು ಗೊತ್ತಾ? ಗೂಟಕ್ಕೆ ನೇರ. ಹಗ್ಗದ ತುದಿ ಬಂದದ್ದು ಇಲ್ಲಿಗೆ." ಅಂಗೈಯನ್ನು ತನ್ನ ಸೊಂಟದ ಮೇಲೆ ಅಡ್ಡ ಎಳೆದು ತೋರಿಸಿದ. "ನಿನ್ನ ಭಾಷೆ ನನಗೆ ಬರ್ತಿದ್ದಿದ್ದರೆ, ನೀನು ಹೇಳಿದ ಹಾಗೆ ಅಲ್ಲೇ ನಿಂತುಬಿಡ್ತಿದ್ದೆ."

ಅಜ್ಮಿ ಕಿಟಕಿಯಿಂದ ಈಚೆ ತಿರುಗಿದ. "ಹಾರಿದ್ದು ನನಗೆ ಕಾಣಿಸಲಿಲ್ಲ ಪಾಕ್. ತಿರುಗಿದ್ದಷ್ಟೇ ಕಂಡದ್ದು. ಆಮೇಲೆ ನಾನು ಕಣ್ಣು ಮುಚ್ಚಿಕೊಂಡೆ" ಅಂದ.

"ಯಾರಾದ್ರೂ ಮುಚ್ಚಿಕೊಳ್ತಾರೆ" ಅಂದ ಸಾಬ್ರಿ.

ಮಯೂರಿಗೆ ಕೂತುಕೊಳ್ಳಬೇಕೆನಿಸಿತು. ಕುರ್ಚಿ ಇರಲಿಲ್ಲ. ಇಷ್ಟು ದಿನ ಅವಳು ಬಯಸಿದ್ದು, ತಾನಂದುಕೊಂಡ ಅರ್ಥವೇ ಅವನಿಗೂ ಮುಟ್ಟಿದ್ದರೆ ಎಂದು. ಮುಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗ ಹೊಳೆಯಿತು. ರೊಹಾನಾ ಅವಳ ತೋಳು ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂರಿಸಿದಳು. ಕೈಯನ್ನು ತೆಗೆಯಲಿಲ್ಲ.

ಸಾಬ್ರಿ ಹೇಳಿಕೆ ಕೊಟ್ಟ. ವರದಿ ಬಂದಾಗ ಅದರ ತುಂಬ ಹಗ್ಗವೇ ಇತ್ತು: ಹಗ್ಗ ಹಳೆಯದು, ಹಡಗಿನವರು ಅದನ್ನು ಬದಲಿಸಬೇಕಿತ್ತು, ಬಿಗಿದ ಹಗ್ಗದ ನೇರಕ್ಕೆ ಯಾರೂ ಓಡಾಡದಂತೆ ಜೆಟ್ಟಿಯವರು ನೋಡಿಕೊಳ್ಳಬೇಕಿತ್ತು. ಕೂಗಿದ ಮಾತಿನ ಬಗ್ಗೆ, ಎಚ್ಚರಿಕೆಯ ಮಾತು ಎಲ್ಲರಿಗೂ ಒಂದೇ ಇರಬೇಕು ಎಂದಷ್ಟೇ ಬರೆದಿದ್ದರು. ಕಚೇರಿಯವರು ಏನೂ ಆಗಿಯೇ ಇಲ್ಲವೇನೋ ಎಂಬಂತೆ ಫೋನ್ ಮಾಡಿ ಸೋಮವಾರ ಬಾ ಎಂದರು. ಗುರುದತ್ ಅದನ್ನು ಕೇಳಿ, "ಬೇಕಾದ್ರೆ ಬಿಟ್ಬಿಡು ಮಯೂರಿ. ನಂಗೇನೂ ಬೇಜಾರಿಲ್ಲ" ಅಂದ. ವಿಚಾರಣೆಯ ಕೋಣೆಯಿಂದ ಎದ್ದುಹೋದದ್ದು ಅವನನ್ನು ಕೊರೆಯುತ್ತಿತ್ತು. ಅವಳು ಬಿಡಲಿಲ್ಲ.

ಸಾಬ್ರಿಯ ಕಾಲು ಉಳಿಯಿತು. ಮೊದಲಿನ ನಡಿಗೆ ಉಳಿಯಲಿಲ್ಲ. ಹಗ್ಗದ ಕೆಲಸ ಅಲ್ಲಿಗೆ ಮುಗಿಯಿತು. ಜೆಟ್ಟಿಯವರು ಹೊಸಬರಿಗೆ ಕಲಿಸುವ ಕೆಲಸ ಕೊಟ್ಟರು. ಅದರಲ್ಲಿ ಅವನಿಗೆ ಸುಖವಿಲ್ಲ. ದಿನವಿಡೀ ಕುರ್ಚಿಯ ಮೇಲೆ ಕೂತು ಬೈಯುವುದೇ ಆಗುತ್ತದೆ ಎನ್ನುತ್ತಾನೆ.

ಜೆಟ್ಟಿಯವರೆಲ್ಲ ಸೇರಿ ಒಂದು ಮಾತು ಗೊತ್ತುಮಾಡಿದರು. ಉಂದುರ್. ಮಲಯ ಭಾಷೆಯಲ್ಲಿ ಹಿಂದೆ ಸರಿ ಎಂದು. ಏಜೆಂಟರಾಗಲಿ ಅಡುಗೆಯವನಾಗಲಿ, ಹಡಗಿನವರಾಗಲಿ ಜೆಟ್ಟಿಯವರಾಗಲಿ, ಹಗ್ಗದಲ್ಲಿ ಅಪಾಯ ಕಂಡವರು ಅದನ್ನೇ ಕೂಗಬೇಕು. ಮಯೂರಿ ಮನೆಯಲ್ಲಿ ಬಾಗಿಲು ಕಿಟಕಿ ಹಾಕಿಕೊಂಡು ಅಭ್ಯಾಸ ಮಾಡಿದಳು. ಇಂಚರ ಹಿಂದಿನಿಂದ ಬಂದು ಅವಳನ್ನು ಬೆಚ್ಚಿಬೀಳಿಸುವುದು, ಅವಳು ಯೋಚಿಸದೆ "ಉಂದುರ್!" ಎಂದು ಕೂಗುವುದು. ಮೊದಮೊದಲು ಬಾಯಿಂದ "ಅಯ್ಯೋ" ಎಂದೇ ಬರುತ್ತಿತ್ತು.

ಕೆಲವು ತಿಂಗಳ ನಂತರ, ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ, ಏಣಿಯ ಮೇಲಿದ್ದ ಅವಳಿಗೆ ಹಿಂದಿನ ಹಗ್ಗವೊಂದು ನಡುಗುವುದು ಕಂಡಿತು. ಅಜ್ಮಿಯ ತಂಡ ಕೆಳಗಿತ್ತು. ಅವಳು ಯೋಚಿಸಲಿಲ್ಲ. ಕೂಗಿದಳು. "ಉಂದುರ್! ಉಂದುರ್!" ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ದಡದಡ ಹಿಂದಕ್ಕೆ ಓಡಿದರು.

ಹಗ್ಗ ಹರಿಯಲಿಲ್ಲ. ಹಡಗು ಮೆಲ್ಲಗೆ ಹಿಂದಕ್ಕೆ ಬಂತು, ಹಗ್ಗ ಸಡಿಲವಾಯಿತು. ಅಜ್ಮಿ ಸ್ವಲ್ಪ ಹೊತ್ತು ಹಗ್ಗವನ್ನು ನೋಡಿದ, ಆಮೇಲೆ ಮೇಲೆ ನಿಂತಿದ್ದ ಅವಳನ್ನು ನೋಡಿ ಹೆಬ್ಬೆರಳು ಎತ್ತಿದ. ಯಾರೋ ನಕ್ಕರು. ಮಯೂರಿ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ನೋಡುತ್ತಾ ಇಳಿದು ಬಂದಳು.